ಎಣ್ಣೆಖಾರದ ರಕ್ತ

ಪಿಟಿ ಮಾಸ್ತರನಿಗೆ ಗಾಬರಿ ಅನ್ನುವುದು ಇರಬಾರದು. ಮೊಣಕೈ ಮುರಿದುಕೊಂಡವರು, ಹಲ್ಲು ಉದುರಿಸಿಕೊಂಡವರು, ಬಿಸಿಲಿಗೆ ತಲೆ ತಿರುಗಿ ಬಿದ್ದವರು, ಎಲ್ಲರನ್ನೂ ಹೆಗಲ ಮೇಲೆ ಹಾಕಿಕೊಂಡು ಓಡಿದವನು ನಾನು. ಒಮ್ಮೆಯೂ ಕೈ ನಡುಗಿರಲಿಲ್ಲ. ಆದರೆ ಹಾವೇರಿಯ ಮೈದಾನದಲ್ಲಿ, ಜಿಲ್ಲಾ ಮಟ್ಟದ ಖೋ-ಖೋ ಆಯ್ಕೆಯ ದಿನ, ನಮ್ಮ ಶಾಲೆಯ ಉಡಚವ್ವ ಓಡುತ್ತ ಓಡುತ್ತ ಅಂಕಣದ ನಡುವೆ ಮಂಡಿಯೂರಿ ಕುಳಿತು ವಾಂತಿ ಮಾಡಿದಳು. ಮಣ್ಣಿನ ಮೇಲೆ ಬಿದ್ದದ್ದು ಕಡುಗೆಂಪು. ಅದನ್ನು ಕಂಡದ್ದೇ ನನ್ನ ಕಾಲುಗಳು ನೆಲಕ್ಕೆ ಅಂಟಿಕೊಂಡವು.

"ಹುಡುಗಿ ರಕ್ತ ಕಾರಿಕೊಂಡ್ಲು!" ಎಂದು ಯಾರೋ ಚೀರಿದರು. ಸುತ್ತ ಜನ ಸೇರಿತು. ಆ ಗದ್ದಲದಲ್ಲಿ ಗುಂಪು ಸೀಳಿಕೊಂಡು ಒಳಗೆ ಬಂದವರು ದ್ರಾಕ್ಷಾಯಿಣಿ ಟೀಚರ್. ಹುಡುಗಿಯರ ತಂಡದ ಜೊತೆ ಒಬ್ಬ ಮಹಿಳಾ ಶಿಕ್ಷಕಿ ಇರಬೇಕು ಎಂಬ ನಿಯಮ ಇರುವುದರಿಂದ ಬಂದಿದ್ದರು, ಇಲ್ಲವಾದರೆ ಆಟಕ್ಕೂ ಅವರಿಗೂ ಸಂಬಂಧವೇ ಇಲ್ಲ. ಉಡಚವ್ವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡರು. ಆಮೇಲೆ ಆ ಕೆಂಪನ್ನು ಬೆರಳಲ್ಲಿ ಮುಟ್ಟಿ, ಮೂಗಿನ ಹತ್ತಿರ ತಂದರು.

"ರಕ್ತ ಅಲ್ರಿ ಜಹೀರ ಸರ್," ಅಂದರು. "ಖಾರ. ಎಣ್ಣಿಖಾರ ಇದು."

ಅಬ್ಬಾ ಅನ್ನಿಸಿತು. ಬದುಕಿದೆ ಅಂದುಕೊಂಡೆ. ಖಾರ ತಿಂದು ಹೊಟ್ಟೆ ಕೆಟ್ಟಿದೆ, ಒಂದು ಸೋಡಾ ಕುಡಿಸಿದರೆ ಸರಿ ಹೋಗುತ್ತದೆ ಎಂದು ಪೆದ್ದನ ಹಾಗೆ ಸಮಾಧಾನ ಮಾಡಿಕೊಂಡೆ. ಆ ಸಮಾಧಾನ ಆಸ್ಪತ್ರೆಯ ಬಾಗಿಲವರೆಗೂ ಉಳಿಯಲಿಲ್ಲ. ಆಟೋದಲ್ಲಿ ಹುಡುಗಿಯ ಕೈ ಹಿಡಿದುಕೊಂಡು ಕುಳಿತಿದ್ದೆ. ಉಗುರುಗಳು ಸುಣ್ಣ ಬಳಿದ ಹಾಗೆ ಬೆಳ್ಳಗಿದ್ದವು.

ಮುಂದಿನದನ್ನು ಹೇಳುವ ಮುಂಚೆ ಈ ದ್ರಾಕ್ಷಾಯಿಣಿ ಟೀಚರ್ ಯಾರು ಅನ್ನುವುದನ್ನು ಹೇಳಬೇಕು. ನಾನು ಬರೆಯಲು ಕುಳಿತದ್ದೇ ಅವರ ಬಗ್ಗೆ.

ಮನೆ ರಾಣೆಬೆನ್ನೂರಿನಲ್ಲಿ. ತಂದೆ ಅಲ್ಲಿಯ ಸ್ಟೇಷನ್ ರಸ್ತೆಯಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದವರು. ಆ ಕೈಗುಣ ಮಗಳಿಗೆ ಬಂದಿದೆ. ಗಂಡ ಹನುಮೇಶ ಕುಮಾರಪಟ್ಟಣದ ಫ್ಯಾಕ್ಟರಿಯಲ್ಲಿ ಪಾಳಿಯ ಮೇಲೆ ಕೆಲಸ ಮಾಡುತ್ತಾರೆ. ಮನೆಯಲ್ಲಿ ಅತ್ತೆ, ಮಾವ, ಇಬ್ಬರು ಮಕ್ಕಳು. ಟೀಚರ್ ನಸುಕಿನಲ್ಲೇ ಎದ್ದು ಎಲ್ಲರಿಗೂ ರೊಟ್ಟಿ ಬಡಿದು, ಗಂಡನ ಡಬ್ಬಿ ಕಟ್ಟಿ, ಮಕ್ಕಳ ಡಬ್ಬಿ ಕಟ್ಟಿ, ತಾವು ಒಂದು ಲೋಟ ಚಹಾ ಕುಡಿದು ಬಸ್ಸಿಗೆ ಓಡುವವರು. ಬ್ಯಾಡಗಿಯ ಹತ್ತಿರದ ನಮ್ಮ ಹೈಸ್ಕೂಲಿಗೆ ಬರುವ ಹೊತ್ತಿಗೆ ಬಸ್ಸಿನಲ್ಲಿ ನಿಂತು ನಿಂತು ಸಾಕಾಗಿರುತ್ತದೆ. ಆದರೂ ಪ್ರಾರ್ಥನೆಯ ಗಂಟೆ ಹೊಡೆಯುವ ಮೊದಲೇ ಕ್ಲಾಸಿನ ಕರಿಹಲಗೆ ಒರೆಸಿ, ಚಾರ್ಟು ತೂಗುಹಾಕಿ ತಯಾರಾಗಿರುತ್ತಾರೆ. ಮೆಟ್ಟಿಲು ಹತ್ತಿ ಬಂದರೆ ಏದುಸಿರು ಬಿಡುತ್ತಿದ್ದರು. "ಟೀಚರ್, ನಿಮಗ ನಾನ ಟ್ರೇನಿಂಗ್ ಕೊಡಬೇಕು, ಇಲ್ಲಾಂದ್ರ ಆಗೂದಿಲ್ಲ" ಎಂದು ನಾನು ಚೇಷ್ಟೆ ಮಾಡುತ್ತಿದ್ದೆ. ಅವರು ನಕ್ಕು ಸುಮ್ಮನಾಗುತ್ತಿದ್ದರು.

ಪಾಠದಲ್ಲಿ ಮಾತ್ರ ಅವರನ್ನು ಮೀರಿಸಿದವರಿಲ್ಲ. ಹತ್ತನೇ ಕ್ಲಾಸಿನ ವಿಜ್ಞಾನದಲ್ಲಿ ನಮ್ಮ ಶಾಲೆಯ ಒಬ್ಬನೇ ಒಬ್ಬನೂ ಫೇಲಾಗುವುದಿಲ್ಲ. ಹೆಡ್‌ಮಾಸ್ತರ ಮೈಲಾರೆಪ್ಪನವರು ಯಾವ ಅಧಿಕಾರಿ ಬಂದರೂ ಮೊದಲು ದ್ರಾಕ್ಷಾಯಿಣಿ ಟೀಚರ್ ಕ್ಲಾಸಿಗೇ ಕರೆದುಕೊಂಡು ಹೋಗುತ್ತಾರೆ. ಹುಡುಗರು ಎದ್ದು ನಿಂತು ಸಣ್ಣ ಕರುಳಿನ ಉದ್ದ, ಯಕೃತ್ತಿನ ಕೆಲಸ, ಹೃದಯದ ಕೋಣೆಗಳ ಹೆಸರು ಎಲ್ಲ ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸುತ್ತಾರೆ. ಅಧಿಕಾರಿಗಳು ತಲೆದೂಗಿ ಚಹಾ ಕುಡಿದು ಹೋಗುತ್ತಾರೆ.

ಆ ವರ್ಷ ಟೀಚರ್ ಒಂದು ಮಾಡೆಲ್ ಮಾಡಿದರು. ಪ್ಲೈವುಡ್ ಹಲಗೆಯ ಮೇಲೆ ಆಳೆತ್ತರದ ಮನುಷ್ಯ. ಮೈತುಂಬ ಸಲೈನಿನ ಪಾರದರ್ಶಕ ನಳಿಗೆಗಳು. ಎದೆಯ ಜಾಗದಲ್ಲಿ ಹಳೇ ಆಟೋದ ಹಾರ್ನಿನ ರಬ್ಬರ್ ಉಂಡೆ. ಅದನ್ನು ಒತ್ತಿದರೆ ನಳಿಗೆಯಲ್ಲಿ ಕೆಂಪು ರಕ್ತ ಹರಿದು ಕೈಗೆ, ಕಾಲಿಗೆ, ತಲೆಗೆ ಹೋಗಿ ತಿರುಗಿ ಎದೆಗೆ ಬರಬೇಕು. ರಕ್ತಕ್ಕೆ ಏನು ಹಾಕುವುದು ಎಂಬುದೇ ದೊಡ್ಡ ತಲೆನೋವಾಯಿತು. ಕುಂಕುಮದ ನೀರು ಹಾಕಿದರು, ತಳಕ್ಕೆ ಕೂತಿತು. ಕೆಂಪು ಶರಬತ್ತು ಹಾಕಿದರು, ರಾತ್ರಿ ಬೆಳಗಾಗುವುದರೊಳಗೆ ಇರುವೆಗಳು ಮನುಷ್ಯನನ್ನು ಮುತ್ತಿಕೊಂಡವು. ಕೊನೆಗೆ ಕಾಯಿಸಿದ ಎಣ್ಣೆಯಲ್ಲಿ ಬ್ಯಾಡಗಿ ಖಾರದ ಪುಡಿ ಕಲಸಿ, ಬಟ್ಟೆಯಲ್ಲಿ ಸೋಸಿ ತುಂಬಿದರು. ಏನು ಬಣ್ಣ ಅಂತೀರಿ! ನಮ್ಮ ಮೆಣಸಿನಕಾಯಿಗೆ ಖಾರಕ್ಕಿಂತ ಬಣ್ಣವೇ ಹೆಚ್ಚು. ದಪ್ಪಗೆ, ಕಡುಗೆಂಪಗೆ, ನಿಜವಾದ ರಕ್ತಕ್ಕಿಂತ ಹೆಚ್ಚು ನಿಜವಾಗಿ ಅದು ನಳಿಗೆಯಲ್ಲಿ ಹರಿಯಿತು.

ಒಂಬತ್ತನೇ ಕ್ಲಾಸಿನ ಮಕ್ಕಳ ಮುಂದೆ ಅದನ್ನು ಮೊದಲ ಸಲ ಒತ್ತಿ ತೋರಿಸಿದ ದಿನ ನಾನೂ ಬಾಗಿಲಲ್ಲಿ ನಿಂತಿದ್ದೆ. ಟೀಚರ್ ಖುಷಿಯಲ್ಲಿದ್ದರು. "ನೋಡ್ರಿ, ನಿಮ್ಮ ಬ್ಯಾಡಗಿ ಖಾರಾನ ಇಲ್ಲಿ ರಕ್ತ ಆಗಿ ಮೈತುಂಬ ಹರಿಯಾಕತ್ತೈತಿ!" ಎಂದರು. ಮಕ್ಕಳು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಮಾಡೆಲ್ಲಿಗೆ ಹಾವೇರಿಯ ವಿಜ್ಞಾನ ಪ್ರದರ್ಶನದಲ್ಲಿ ಮೊದಲ ಬಹುಮಾನ ಬಂತು. ರಾಜ್ಯ ಮಟ್ಟಕ್ಕೂ ಆಯ್ಕೆಯಾಯಿತು.

ಆಮೇಲೆ ಒಂದು ದಿನ ಶಾಲೆಗೆ ಆರೋಗ್ಯ ತಪಾಸಣೆಯವರು ಬಂದು ಮಕ್ಕಳ ಬೆರಳು ಚುಚ್ಚಿ ರಕ್ತ ನೋಡಿದರು. ಉಡಚವ್ವನಿಗೆ ರಕ್ತ ಬಹಳ ಕಡಿಮೆ ಇದೆ, ಸೋಮವಾರ ಸೋಮವಾರ ಶಾಲೆಯಲ್ಲಿ ಕೊಡುವ ನೀಲಿ ಗುಳಿಗೆ ತಪ್ಪಿಸಬಾರದು, ಹಸಿರು ಸೊಪ್ಪು, ಕಾಳು, ಮೊಟ್ಟೆ ತಿನ್ನಬೇಕು, ಆಯ್ಕೆಯ ಹೊತ್ತಿಗೂ ರಕ್ತ ಏರದಿದ್ದರೆ ಆಡಿಸಬೇಡಿ ಎಂದು ಹೇಳಿ ಹೋದರು. ಉಡಚವ್ವ ನನ್ನ ತಂಡದ ಪ್ರಾಣ. ಅವಳು ಅಂಕಣಕ್ಕೆ ಇಳಿದರೆ ಎದುರಾಳಿಗಳಿಗೆ ಅವಳ ಜಡೆಯ ತುದಿಯೂ ಸಿಗುವುದಿಲ್ಲ. ಅವಳ ಅವ್ವ ದುರಗವ್ವ ಬ್ಯಾಡಗಿಯ ಮಾರ್ಕೆಟ್ಟಿನಲ್ಲಿ ಮೆಣಸಿನಕಾಯಿಯ ತೊಟ್ಟು ಮುರಿಯುವ ಕೆಲಸ ಮಾಡುತ್ತಾಳೆ. ಮಗಳು ಜಿಲ್ಲೆಗೆ ಆಡುತ್ತಾಳೆ ಎಂದು ಜೊತೆಯ ಹೆಂಗಸರಿಗೆಲ್ಲ ಹೇಳಿಕೊಂಡು ತಿರುಗುವವಳು.

ಮೂರು ವಾರದ ಮೇಲೆ ನಾನು ಉಡಚವ್ವನನ್ನು ಕೇಳಿದೆ, "ಏನವಾ, ರಕ್ತ ಏರೈತಿ?" "ಏರೈತ್ರಿ ಸರ್, ದಿನಾ ಮಾಡಾಕತ್ತೇನಿ" ಎಂದು ಕಣ್ಣರಳಿಸಿ ಹೇಳಿದಳು. ಏನು ಮಾಡಾಕತ್ತಾಳೆ ಎಂದು ನಾನೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಎದುರಿಗೆ ನಗುತ್ತ ನಿಂತ ಹುಡುಗಿಯನ್ನು ಕಂಡು ಯಾರಿಗೆ ತಾನೆ ಅನುಮಾನ ಬರುತ್ತದೆ?

ಹಾವೇರಿಯ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಉಡಚವ್ವನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, ರಕ್ತ ಪರೀಕ್ಷೆ ಮಾಡಿಸಿ, ಚೀಟಿ ಕೈಗೆ ಬಂದೊಡನೆ ನಮ್ಮಿಬ್ಬರ ಮೇಲೆ ರೇಗಿದರು.

"ಹನ್ನೆರಡರ ಮ್ಯಾಲ ಇರಬೇಕಾದ ರಕ್ತ ಇಕಿಗೆ ಐದೂವರಿ ಐತಿ. ಇದನ್ನ ಇಟಗೊಂಡು ಓಡಸಾಕತ್ತಿದ್ರೇನ್ರಿ? ಹಾರ್ಟ್ ನಿಂತು ಹೋಗಿದ್ರ ಯಾರನ್ನ ಕೇಳತಿದ್ರಿ?"

ಅವರು ಇನ್ನೂ ಹೇಳುತ್ತಿದ್ದರು: ಹೊಟ್ಟೆಯ ಒಳಪದರ ಖಾರಕ್ಕೆ ಬೆಂದ ಹಾಗಾಗಿದೆ, ಈಗ ರಕ್ತ ಏರಿಸುತ್ತೇವೆ, ಆದರೆ ಬಾಟಲಿಯ ರಕ್ತ ಎರಡು ಮೂರು ತಿಂಗಳಿನ ಮಾತು. ಅಷ್ಟರೊಳಗೆ ಗುಳಿಗೆ ನುಂಗಿ, ಸರಿಯಾಗಿ ಉಂಡು ಹುಡುಗಿ ತನ್ನ ರಕ್ತವನ್ನು ತಾನೇ ಮಾಡಿಕೊಳ್ಳಬೇಕು. ಮಾಡಿಕೊಳ್ಳದಿದ್ದರೆ ಮತ್ತೆ ಇದೇ ಮಂಚ, ಆಗ ಎದೆ ತಡೆದುಕೊಳ್ಳುತ್ತದೋ ಇಲ್ಲವೋ ಹೇಳಲಾಗದು.

ಅಷ್ಟೊತ್ತಿಗೆ ದುರಗವ್ವ ಬ್ಯಾಡಗಿಯಿಂದ ಬಂದು ಮುಟ್ಟಿದಳು. ಕೆಲಸದಿಂದ ಎದ್ದು ಬಂದವಳ ಸೀರೆಯ ತುಂಬ ಮೆಣಸಿನಕಾಯಿ ಘಾಟು. ನರ್ಸಿಗೆ ಸೀನು ಬಂತು. "ಏನ ತಿಂದಾಳ ಮಗಳು?" ಎಂದು ಟೀಚರ್ ಕೇಳಿದಾಗ ದುರಗವ್ವ ಅಳುತ್ತಲೇ ಹೇಳಿದಳು.

"ಮನೀ ಊಟಾನ್ರಿ ಅಕ್ಕಾರ. ಒಂದ ತಿಂಗಳಾತು, ಪಲ್ಯ ಬ್ಯಾಡ, ಬ್ಯಾಳಿ ಬ್ಯಾಡ ಅಂತ ಬರೇ ಎಣ್ಣಿಖಾರದಾಗ ರೊಟ್ಟಿ ತಿನ್ನಾಕತ್ತಿದ್ಲು. ತಾಟ ತುಂಬ ಖಾರ ಹಾಕ್ಕೊಂಡು ಚಮಚಾಲೇ ತಿಂತಿದ್ಲು. ಪಲ್ಯದ ಚಿಂತಿ ತಪ್ಪಿತು ಅಂತ ನಾನೂ ಸುಮ್ಮಕಿದ್ದೆ."

ನಮ್ಮ ಕಡೆ ಎಣ್ಣೆಖಾರ ಮತ್ತು ರೊಟ್ಟಿ ಅಂದರೆ ಹೊಸದೇನಲ್ಲ. ಅವಸರಕ್ಕೆ ಎಲ್ಲರೂ ತಿನ್ನುತ್ತಾರೆ. ಆದರೆ ಚಮಚದಲ್ಲಿ? ತಿಂಗಳಿಡೀ? ಟೀಚರ್ ಮಂಚದ ಪಕ್ಕದ ಸ್ಟೂಲಿನ ಮೇಲೆ ಕುಳಿತು ಉಡಚವ್ವನ ತಲೆ ಸವರುತ್ತ ಕೇಳಿದರು, "ಯಾಕ ಹಂಗ ಮಾಡಿದಿ?"

"ರಕ್ತ ಏರಲಿ ಅಂತ್ರಿ ಟೀಚರ್."

ಟೀಚರ್ ಕ್ಲಾಸಿನಲ್ಲಿ ಕೇಳುವ ಧ್ವನಿಯಲ್ಲೇ, "ರಕ್ತಹೀನತೆಗೆ ಕಾರಣವೇನು?" ಎಂದು ಕೇಳಿದರು. ಕೈಗೆ ಸೂಜಿ ಚುಚ್ಚಿಸಿಕೊಂಡು ಮಲಗಿದ್ದ ಆ ಹುಡುಗಿ ಒಂದು ಅಕ್ಷರ ತಪ್ಪದೆ ಒಪ್ಪಿಸಿದಳು: "ಆಹಾರದಲ್ಲಿ ಕಬ್ಬಿಣದ ಅಂಶದ ಕೊರತೆಯಿಂದ ರಕ್ತಹೀನತೆ ಉಂಟಾಗುತ್ತದೆ. ಹಸಿರು ಸೊಪ್ಪು, ಕಾಳುಗಳು, ಮೊಟ್ಟೆ, ಮಾಂಸ ಇದರ ಮೂಲಗಳು."

"ಎಲ್ಲಾ ಗೊತ್ತೈತಲ್ಲ! ಮತ್ತ ಖಾರ ಯಾಕ ತಿಂದಿ?"

"ಅದು ಪರೀಕ್ಷಾದಾಗ ಬರಿಯೂದ್ರಿ ಟೀಚರ್," ಎಂದಳು ಉಡಚವ್ವ. ಇಷ್ಟೂ ತಿಳಿಯದೇ ಎನ್ನುವಂತಿತ್ತು ಅವಳ ಮುಖ. "ಇದು ನನ್ನ ಮೈಯಾಗಿನ ರಕ್ತ ಅಲ್ಲೇನ್ರಿ? ಖಾರಾನ ರಕ್ತ ಆಗಿ ಮೈತುಂಬ ಹರಿಯೂದನ್ನ ನೀವ ತೋರ್ಸಿದ್ರಲ್ರಿ. ನಾ ಕಣ್ಣಾರೆ ನೋಡೀನಿ."

ನಾನು ಟೀಚರ್ ಮುಖ ನೋಡಿದೆ. ನೋಡಬಾರದಿತ್ತು. ಹೊಡೆತ ತಿಂದವರ ಮುಖ ಹೇಗಿರುತ್ತದೆ ಎನ್ನುವುದು ನನಗೆ ಗೊತ್ತು, ಎಷ್ಟೋ ಮೈದಾನಗಳಲ್ಲಿ ಕಂಡಿದ್ದೇನೆ. ಇದು ಬೇರೆ. ಬಹುಮಾನ ಬಂದ ಮಾಡೆಲ್, ಚಪ್ಪಾಳೆ ಹೊಡೆಸಿಕೊಂಡ ಮಾತು. ಅದು ಹೋಗಿ ಹೋಗಿ ಒಂದು ಮಗುವಿನ ತಾಟಿನಲ್ಲಿ ಬಿದ್ದಿತ್ತು.

"ಮತ್ತ ಸೋಮವಾರದ ಗುಳಿಗಿ?" ಎಂದು ನಾನೇ ಕೇಳಿದೆ.

ಉಡಚವ್ವ ತಲೆ ಆ ಕಡೆ ಹೊರಳಿಸಿದಳು. "ಅದನ್ನ ಯಾರೂ ನುಂಗೂದಿಲ್ರಿ ಸರ್. ನಾಲಿಗಿ ಕೆಳಗ ಇಟಗೊಂಡು ಆಮ್ಯಾಲ ನೀರಿನ ಟ್ಯಾಂಕಿನ ಹಿಂದ ಉಗಳತೇವ್ರಿ. ಗುಳಿಗಿ ನುಂಗಿದ್ರ ಸಂಡಾಸ ಕರ್ರಗ ಬರತೈತ್ರಿ. ಒಳಗಿನ ರಕ್ತ ಸುಟ್ಟು ಕರ್ರಗಾಗಿ ಹೊರಗ ಬರೂದು ಅದು. ಎಲ್ಲಾ ಹುಡಿಗ್ಯಾರಿಗೂ ಗೊತ್ತೈತಿ."

ಹುಚ್ಚುಮಾತು ಎಂದು ತಳ್ಳಿಹಾಕುವ ಹಾಗೂ ಇರಲಿಲ್ಲ. ಕಣ್ಣಾರೆ ಕಂಡದ್ದನ್ನು ನಂಬಿದ್ದರು ಹುಡುಗಿಯರು. ಗುಳಿಗೆ ನುಂಗಿದರೆ ಕಪ್ಪು, ಖಾರ ತುಂಬಿದರೆ ಕೆಂಪು. ರಕ್ತ ಬೇಕಾದವರು ಯಾವುದನ್ನು ಆರಿಸಿಕೊಳ್ಳುತ್ತಾರೆ?

ಸ್ವಲ್ಪ ಹೊತ್ತಿಗೆ ನರ್ಸು ಬಂದು, ಹುಡುಗಿಗೆ ಬೇಕಾದ ರಕ್ತ ನಮ್ಮಲ್ಲಿದೆ, ಆದರೆ ನಿಮ್ಮ ಕಡೆಯಿಂದ ಯಾರಾದರೂ ಒಬ್ಬರು ಕೊಟ್ಟರೆ ಇನ್ನೊಬ್ಬರಿಗೆ ಆಗುತ್ತದೆ ಎಂದಳು. ದುರಗವ್ವ ಸೆರಗು ಸೊಂಟಕ್ಕೆ ಸಿಗಿಸಿಕೊಂಡು ಎದ್ದಳು. ಬೆರಳು ಚುಚ್ಚಿ ನೋಡಿದರು. "ಯವ್ವಾ, ನಿನಗ ಬ್ಯಾರೆಯವರು ಕೊಡಬೇಕು, ನೀ ಎಲ್ಲಿ ಕೊಡತಿ" ಎಂದು ನರ್ಸು ಅವಳನ್ನು ಕೂರಿಸಿದಳು.

"ನಂದು ತಗೋರಿ," ಎಂದು ದ್ರಾಕ್ಷಾಯಿಣಿ ಟೀಚರ್ ಕೈ ಚಾಚಿದರು. ಚಾಚಿದ ರೀತಿ ನೋಡಿದರೆ ಮೈಯಲ್ಲಿರುವುದನ್ನೆಲ್ಲ ಬಸಿದು ಕೊಡುವವರ ಹಾಗಿತ್ತು. ಆ ಹೊತ್ತಿನಲ್ಲಿ ಅವರಿಗೆ ಅದೊಂದೇ ದಾರಿ ಕಂಡಿರಬೇಕು. ನರ್ಸು ಬೆರಳು ಚುಚ್ಚಿದಳು, ಯಂತ್ರ ನೋಡಿದಳು, ಇನ್ನೊಂದು ಬೆರಳು ಚುಚ್ಚಿದಳು, ಮತ್ತೆ ನೋಡಿದಳು.

"ನಿಮ್ಮಿಂದಾನೂ ಆಗೂದಿಲ್ರಿ. ಒಂಬತ್ತರೊಳಗ ಐತಿ ನಿಮ್ಮದು. ಏನ್ ಕೆಲಸಾ ಮಾಡತೀರಿ?"

"ಟೀಚರ್."

"ಏನ್ ಕಲಸತೀರಿ?"

ಅವರು ಚುಚ್ಚಿದ ಬೆರಳನ್ನು ಸೆರಗಿನಲ್ಲಿ ಒತ್ತಿಕೊಂಡರು. ನನ್ನ ಸುಡುಗಾಡು ನಾಲಿಗೆ ಸುಮ್ಮನಿರಬೇಕಲ್ಲ. "ವಿಜ್ಞಾನ" ಎಂದುಬಿಟ್ಟೆ. ನರ್ಸು ಅವರನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. ಕೊನೆಗೆ ರಕ್ತ ಕೊಟ್ಟವನು ನಾನು. ಮಂಚದ ಮೇಲೆ ಮಲಗಿ ಮುಷ್ಟಿ ಹಿಸುಕುತ್ತ ನಾಚಿಕೆಪಟ್ಟೆ. ಮೂರು ಮಂದಿ ಹೆಣ್ಣುಮಕ್ಕಳ ನಡುವೆ ಮೈತುಂಬ ರಕ್ತ ಇದ್ದವನು ನಾನೊಬ್ಬನೇ. ದಿನಾ ಮುಂಜಾನೆ ನನ್ನ ಹೆಂಡತಿ ದಿಲನಾಜ ನನ್ನ ತಾಟಿಗೆ ಎರಡು ಮೊಟ್ಟೆ ಹಾಕುತ್ತಾಳೆ. ಅವಳ ತಾಟಿನಲ್ಲಿ ಏನಿರುತ್ತದೆ ಎಂದು ನೆನಪು ಮಾಡಿಕೊಳ್ಳಲು ನೋಡಿದೆ, ಆಗಲಿಲ್ಲ.

ಹೊರಗೆ ಬಂದಾಗ ಟೀಚರ್ ವರಾಂಡದ ಬೆಂಚಿನ ಮೇಲೆ ಕುಳಿತಿದ್ದರು. ಕೈಯಲ್ಲಿ ಅವರಿಗೂ ಡಾಕ್ಟರಮ್ಮ ಬರೆದುಕೊಟ್ಟ ಗುಳಿಗೆ ಚೀಟಿ.

"ಜಹೀರ ಸರ್," ಎಂದರು, "ಇಷ್ಟು ವರ್ಷ ಕಬ್ಬಿಣದ ಅಂಶ ಕಲಿಸೀನಿ. ಅದು ನನ್ನ ಮೈಗೂ ಸಂಬಂಧಪಟ್ಟದ್ದು ಅಂತ ಒಂದ ದಿನಾನೂ ಅನ್ನಿಸಿಲ್ಲ ನೋಡ್ರಿ. ನಾನೂ ಪರೀಕ್ಷಾಕ್ಕಂತನ ಓದಿದಾಕಿ."

ಮರುದಿನ ಶಾಲೆಯಲ್ಲಿ ಅವರು ಪುಸ್ತಕ ತೆರೆಯಲಿಲ್ಲ. ಒಂಬತ್ತನೇ ಕ್ಲಾಸಿಗೆ ಹೋಗಿ, ಎಲ್ಲರೂ ಎದ್ದು ನಿಂತು ನಿಮ್ಮ ನಿಮ್ಮ ಹೃದಯದ ಮೇಲೆ ಕೈ ಇಡಿ ಎಂದರು. ಆಮೇಲೆ ಆಯಾಳನ್ನು ಕಳಿಸಿ ನನ್ನನ್ನು ಕರೆಸಿದರು. ಹೋಗಿ ನೋಡಿದರೆ ಇಡೀ ಕ್ಲಾಸು ಬಲಗಡೆ ಎದೆಯ ಮೇಲೆ ಕೈ ಇಟ್ಟುಕೊಂಡು ನಿಂತಿತ್ತು. ಒಬ್ಬರೂ ತಪ್ಪದೆ! ನನಗೆ ನಗು ಬರಬೇಕಾಗಿತ್ತು, ಬರಲಿಲ್ಲ.

"ಬಲಕ್ಕ ಯಾಕ ಇಟ್ಟೀರಿ?" ಎಂದು ಟೀಚರ್ ಕೇಳಿದರು.

"ಚಾರ್ಟಿನ್ಯಾಗ ಬಲಕ್ಕ ಐತಲ್ರಿ," ಎಂದಳು ಮುಂದಿನ ಬೆಂಚಿನ ಪ್ರಿಯಾಂಕಾ, ಗೋಡೆಯ ಮೇಲಿನ ಚಿತ್ರ ತೋರಿಸಿ. ಚಿತ್ರದ ಮನುಷ್ಯ ನಮ್ಮ ಕಡೆ ಮುಖ ಮಾಡಿ ನಿಂತಿದ್ದ. ಅವನ ಎಡ ನಮಗೆ ಬಲ.

"ನಿಮ್ಮ ಎದಿ ಮ್ಯಾಲ ಕೈ ಇಟ್ಟು ಬಡಿತ ಎಲ್ಲಿ ಕೇಳತೈತಿ ಅಂತ ನೋಡಲಿಲ್ಲೇನು?"

"ಚಾರ್ಟ್ ಬ್ಯಾರೆ ಹೇಳತೈತಲ್ರಿ ಟೀಚರ್" ಎಂದಳು ಪ್ರಿಯಾಂಕಾ. ಬಡಿತ ಎಡಕ್ಕೆ ಕೇಳಿದ್ದು ಅವಳಿಗೂ ಗೊತ್ತಾಗಿತ್ತಂತೆ. ತನ್ನದೇ ಏನೋ ತಪ್ಪಿರಬೇಕು ಎಂದು ಸುಮ್ಮನಾಗಿದ್ದಳಂತೆ.

ಖಾರ ತಿಂದರೆ ರಕ್ತ ಏರುತ್ತದೆ ಎಂದು ನಂಬಿದವರು ಯಾರು ಯಾರು ಎಂದು ಕೇಳಿದಾಗ ಎದ್ದ ಕೈಗಳನ್ನು ನಾನು ಎಣಿಸಲು ಹೋಗಲಿಲ್ಲ. ಎದ್ದಿರದ ಕೈಗಳೇ ಕಡಿಮೆ. ಟೀಚರ್ ಮೇಜು ಹಿಡಿದುಕೊಂಡು ನಿಂತರು. ಇವರೆಲ್ಲ ವಿಜ್ಞಾನದಲ್ಲಿ ಚೆನ್ನಾಗಿ ಅಂಕ ತೆಗೆದ ಮಕ್ಕಳು. ಅಂಕ ಹಾಕಿದವರು ಟೀಚರೇ.

ಸಂಜೆ ಮಾಡೆಲ್ಲಿನಿಂದ ಎಣ್ಣೆ ಬಸಿದು ತೆಗೆದು, ರಾಜ್ಯ ಮಟ್ಟಕ್ಕೆ ಕಳಿಸಬೇಡಿ ಎಂದು ಮೈಲಾರೆಪ್ಪನವರಿಗೆ ಹೇಳಿದರು. "ಶಾಲಿಗೆ ಹೆಸರು ಬರೂ ಹೊತ್ತಿನ್ಯಾಗ ಇದೇನ್ ಹಟಾ ಹಿಡಿದೀರವಾ" ಎಂದು ಅವರು ಮುಖ ಗಂಟು ಹಾಕಿಕೊಂಡರು. ಟೀಚರ್ ವಾದ ಮಾಡಲಿಲ್ಲ. ಬಸ್ಸಿಗೆ ಹೊತ್ತಾಗಿತ್ತು, ಹೊರಟು ಹೋದರು.

ಇಲ್ಲಿಗೆ ಎಲ್ಲ ಸರಿ ಹೋಯಿತು ಅಂದುಕೊಂಡಿದ್ದೆ. ಖಾರ ರಕ್ತವಲ್ಲ, ಬರೀ ಬಣ್ಣ, ನಾನು ತಮಾಷೆಗೆ ಹೇಳಿದ ಮಾತು ಅದು ಎಂದು ಟೀಚರ್ ಬಿಡಿಸಿ ಬಿಡಿಸಿ ಹೇಳಿದ್ದರು. ಮಕ್ಕಳು ತಲೆ ಅಲ್ಲಾಡಿಸಿದ್ದರು. ಉಡಚವ್ವನೂ ಆಸ್ಪತ್ರೆಯಿಂದ ಬಂದು ಕ್ಲಾಸಿನಲ್ಲಿ ಕೂರುತ್ತಿದ್ದಳು. ಮುಖದಲ್ಲಿ ಕಳೆ ಬಂದಿತ್ತು. ಆದರೆ ಒಂದು ಶನಿವಾರ ದುರಗವ್ವ ಶಾಲೆಯ ಗೇಟಿನ ಹತ್ತಿರ ಬಂದು ನಿಂತಳು. ಒಳಗೆ ಕರೆದರೂ ಬರಲಿಲ್ಲ.

"ಗುಳಿಗಿ ನುಂಗವಲ್ಲಳ್ರಿ ಅಕ್ಕಾರ," ಎಂದು ಅಳುದನಿಯಲ್ಲಿ ಹೇಳಿದಳು. "ಎರಡ ದಿನ ನುಂಗಿದ್ಲು, ಕರ್ರಗಾತು ಅಂತ ಬಿಟ್ಟಾಳ. ಬಡದು ನೋಡಿದೆ, ಬಾಯಿ ತೆರಿಯಂಗಿಲ್ಲ. ಪಿಟಿ ಸರ್ ರಕ್ತ ಕೊಟ್ಟಾರ, ಅದನ್ನ ಸುಟ್ರ ನನಗ ಪಾಪ ಬರತೈತಿ ಅಂತಾಳ್ರಿ."

ಬಾಟಲಿಯ ರಕ್ತ ಕರಗುತ್ತಿದೆ, ಹೊಸದು ಆಗುತ್ತಿಲ್ಲ, ಹುಡುಗಿ ಮಾತ್ರ ನನ್ನ ಮೇಲಿನ ಮರ್ಯಾದೆಗೆ ಗುಳಿಗೆ ಉಗುಳುತ್ತ ಕೂತಿದ್ದಾಳೆ! ಹೋಗಿ ಬೈದುಬಿಡೋಣ ಅನ್ನಿಸಿತು. "ಬ್ಯಾಡ್ರಿ ಸರ್," ಎಂದರು ಟೀಚರ್. "ನೀವು ಬೈದ್ರ ನಿಮ್ಮ ಮುಂದ ನುಂಗತಾಳ, ಹಿಂದ ಉಗಳತಾಳ. ನಾನು ಬಾಯಿಲೆ ಹೇಳಿದ್ದನ್ನ ಆಕಿ ಎಂದೂ ನಂಬಿಲ್ಲ. ಕಣ್ಣಿಗೆ ಕಂಡದ್ದನ್ನಷ್ಟ ನಂಬ್ಯಾಳ."

ಸೋಮವಾರ ಗುಳಿಗೆ ಹಂಚುವ ಹೊತ್ತಿಗೆ ಟೀಚರ್ ಕ್ಲಾಸಿನ ಮುಂದೆ ನಿಂತು, ತಮ್ಮ ಪರ್ಸಿನಿಂದ ಡಾಕ್ಟರಮ್ಮ ಬರೆದುಕೊಟ್ಟ ಗುಳಿಗೆ ತೆಗೆದರು.

"ಹಾವೇರಿಯೊಳಗ ನನ್ನ ರಕ್ತಾನೂ ನೋಡಿದ್ರು. ನನಗೂ ಕಡಿಮಿ ಐತಿ," ಎಂದರು. ಕ್ಲಾಸಿನಲ್ಲಿ ಗುಜುಗುಜು ಎದ್ದಿತು. ಟೀಚರಿಗೆ ರಕ್ತ ಕಡಿಮೆ ಇರಬಹುದು ಎಂಬುದೇ ಮಕ್ಕಳಿಗೆ ದೊಡ್ಡ ಸುದ್ದಿ. "ಇವತ್ತಿನಿಂದ ದಿನಾ ನಿಮ್ಮ ಮುಂದ ನುಂಗತೇನಿ. ಕರ್ರಗಾತೋ ಇಲ್ಲೋ ನಾನ ಹೇಳತೇನಿ." ನುಂಗಿ, ಬಾಯಿ ತೆರೆದು ತೋರಿಸಿದರು.

ಕರ್ರಗೆ ಆಗುವುದು ಯಾವುದು ಎಂದು ಅವರು ಬಾಯಿಬಿಟ್ಟು ಹೇಳಲಿಲ್ಲ. ಹೇಳುವವರೂ ಅಲ್ಲ. ವಿಸರ್ಜನೆಯ ಪಾಠ ಬಂದರೆ ನೀವೇ ಓದಿಕೊಳ್ಳಿ ಎಂದು ಕಿಟಕಿಯ ಹೊರಗೆ ನೋಡುತ್ತ ನಿಲ್ಲುವ ಹೆಂಗಸು. ಸ್ಟಾಫ್ ರೂಮಿನಲ್ಲಿ ಯಾರಾದರೂ ಹೊಟ್ಟೆ ಕೆಟ್ಟಿದೆ ಎಂದರೂ ಎದ್ದು ಹೋಗುವವರು. ಮಂಗಳವಾರವೂ ಎಲ್ಲರೆದುರು ನುಂಗಿದರು. ಬುಧವಾರ ಅವರ ಪಿರಿಯಡ್ ಮುಗಿದ ಮೇಲೆ ನನ್ನದಿತ್ತು. ಮಕ್ಕಳನ್ನು ಮೈದಾನಕ್ಕೆ ಕರೆದುಕೊಂಡು ಹೋಗಲು ಬೇಗನೇ ಬಂದು ಬಾಗಿಲಲ್ಲಿ ನಿಂತೆ. ಟೀಚರ್ ಡಸ್ಟರನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದರು. ನನ್ನನ್ನು ಕಂಡು ಒಂದು ಕ್ಷಣ ಹಿಂಜರಿದರು. ನಾನು ಸರಿಯಬೇಕಿತ್ತು, ಸರಿಯಲಿಲ್ಲ.

"ನಂದೂ ಕರ್ರಗಾತು," ಎಂದರು.

ಯಾರಿಗೂ ಅರ್ಥವಾಗಲಿಲ್ಲ.

"ಸಂಡಾಸ," ಎಂದರು ಟೀಚರ್, ಇನ್ನೂ ಜೋರಾಗಿ. "ಇವತ್ತ ಮುಂಜಾನೆ. ಡಾಂಬರಿನಂಗ ಕರ್ರಗ."

ಹಿಂದಿನ ಬೆಂಚಿನ ಹುಡುಗರು, ಮಾತುಮಾತಿಗೆ ಕಿಸಿಯುವವರು, ಬಾಯಿ ತೆರೆದು ಕೂತಿದ್ದರು. ನನ್ನ ಕಿವಿಯೂ ಬಿಸಿಯಾಯಿತು. ಟೀಚರ್ ಹಣೆಯಲ್ಲಿ ಬೆವರು ಮೂಡಿತ್ತು, ಆದರೆ ತಲೆ ತಗ್ಗಿಸಲಿಲ್ಲ.

ಆಗ ಪ್ರಿಯಾಂಕಾ ಎದ್ದು ನಿಂತಳು. "ರಕ್ತ ಸುಟ್ಟದ್ದಲ್ಲಂದ್ರ ಮತ್ತ ಕರೀದು ಏನ್ರಿ ಟೀಚರ್ ಅದು?"

"ನಿಮ್ಮ ಮನೀ ರೊಟ್ಟಿ ಹಂಚು ಯಾತರದೈತಿ?"

"ಕಬ್ಬಿಣದ್ರಿ."

"ಬಣ್ಣ?"

"ಕರೀದ್ರಿ."

"ಗುಳಿಗ್ಯಾಗ ಇರೂದೂ ಕಬ್ಬಿಣಾನ. ಹೊಟ್ಟಿ ತನಗ ದಕ್ಕಿದಷ್ಟು ತಗೊಂತೈತಿ. ಉಳಿದ ಕಬ್ಬಿಣಾ ಕರ್ರಗ ಹೊರಗ ಹೋಗತೈತಿ. ರಕ್ತ ಒಂದ ಹನಿ ಸುಟ್ಟಿಲ್ಲ."

ಪ್ರಿಯಾಂಕಾ ಕೂರಲಿಲ್ಲ. "ಹಂಗಾರ ಖಾರ ತಿಂದಾಗ ಕೆಂಪಗ ಯಾಕ ಬರೂದಿಲ್ರಿ?" ಎಂದಳು. ಇನ್ನೊಬ್ಬಳು, ಹೊಟ್ಟೆಗೆ ತನಗೆ ಬೇಕಾದ್ದು ಯಾವುದು ಎಂದು ಹೇಗೆ ಗೊತ್ತಾಗುತ್ತದೆ ಎಂದು ಕೇಳಿದಳು. ಒಬ್ಬ ಹುಡುಗ ಚಹಾ ಕುಡಿದರೆ ಮೈ ಕಪ್ಪಾಗುತ್ತದೆಯೇ ಎಂದ. ಮುಟ್ಟಿನಲ್ಲಿ ಹೋಗುವುದೂ ಇದೇ ರಕ್ತವೋ ಬೇರೆಯೋ ಎಂದು ಗೋಡೆ ಪಕ್ಕದ ಹುಡುಗಿ ಕೇಳಿಯೇಬಿಟ್ಟಳು. ಇಷ್ಟು ವರ್ಷ ಈ ಟೀಚರ್ ಕ್ಲಾಸಿನಲ್ಲಿ ನಾನು ಉತ್ತರಗಳನ್ನು ಕೇಳಿದ್ದೆ, ಪ್ರಶ್ನೆ ಕೇಳಿಸಿಕೊಂಡದ್ದು ಅವತ್ತೇ ಮೊದಲು. ಗಂಟೆ ಹೊಡೆಯಿತು, ಯಾರೂ ಏಳಲಿಲ್ಲ. ನನ್ನ ಪಿರಿಯಡ್ಡನ್ನೂ ತಿಂದುಹಾಕಿದರು. ನಾನು ತುಟಿ ಪಿಟಕ್ಕೆನ್ನಲಿಲ್ಲ.

ಎಲ್ಲರದೂ ಮುಗಿದ ಮೇಲೆ ಉಡಚವ್ವ ನಿಧಾನವಾಗಿ ಎದ್ದಳು. ನನ್ನ ಕಡೆ ನೋಡಿ, ಮತ್ತೆ ಟೀಚರ್ ಕಡೆ ನೋಡಿದಳು.

"ಟೀಚರ್, ಪಿಟಿ ಸರ್ ರಕ್ತ ಇನ್ನೂ ಐತೇನ್ರಿ ನನ್ನೊಳಗ?"

"ಸರ್ ಕೊಟ್ಟದ್ದು ಬ್ಯಾರೆ ಯಾರಿಗೋ ಹೋಗೈತಿ. ನಿನಗ ಬಂದದ್ದು ನಾವು ಕಾಣದವರ ರಕ್ತ," ಎಂದರು ಟೀಚರ್. ಸುಳ್ಳು ಹೇಳುವವರಲ್ಲ ಅವರು. ನನಗೆ ಸ್ವಲ್ಪ ಬೇಜಾರಾದದ್ದು ಖರೆ. "ಇನ್ನೂ ಐತಿ. ಆದ್ರ ದಿನಾ ಕರಗಾಕತ್ತೈತಿ. ಅದು ಮುಗಿದ ಮ್ಯಾಲ ನಿಂದ ನಿನಗ ಬೇಕು. ಅದನ್ನ ಮತ್ತೊಬ್ಬರು ಮಾಡಿ ಕೊಡಾಕ ಬರೂದಿಲ್ಲ."

ಉಡಚವ್ವ ಲಂಗದ ಜೇಬಿನಿಂದ ಗುಳಿಗೆ ತೆಗೆದಳು. ಅವ್ವ ಮುಂಜಾನೆ ಕೈಗಿಟ್ಟು ಕಳಿಸಿದ್ದಿರಬೇಕು, ಉಗುಳಲು ಜಾಗ ನೋಡುತ್ತ ಇಟ್ಟುಕೊಂಡಿದ್ದಳೋ ಏನೋ. ಟೀಚರ್ ಮೇಜಿನ ಮೇಲಿದ್ದ ನೀರಿನ ಬಾಟಲಿ ಎತ್ತಿ ಗಟಗಟನೆ ಕುಡಿದು ನುಂಗಿದಳು. ಯಾರೂ ಕೇಳದೆಯೇ ಬಾಯಿ ಅಗಲಿಸಿ, ನಾಲಿಗೆ ಎತ್ತಿ, ಇಡೀ ಕ್ಲಾಸಿಗೆ ತಿರುಗಿ ತಿರುಗಿ ತೋರಿಸಿದಳು.

"ಶುಕ್ರವಾರ ನಾನೂ ಬಂದು ಹೇಳತೇನ್ರಿ ಟೀಚರ್," ಎಂದಳು.

ಕ್ಲಾಸು ಗೊಳ್ಳೆಂದು ನಕ್ಕಿತು. ದ್ರಾಕ್ಷಾಯಿಣಿ ಟೀಚರ್ ನಗಲಿಲ್ಲ. "ಎಲ್ಲಾರ ಮುಂದ ನಿಂತು ಹೇಳಬೇಕು ಮತ್ತ. ನಾ ಕಾಯತೇನಿ," ಎಂದರು.